ಭೂಮಿಯ ಕಂಬಳಿ

“ಮಿಸ್, ಮನುಷ್ಯರು ಇಷ್ಟೊಂದು ಒಲೆಗಳನ್ನೂ ಯಂತ್ರಗಳನ್ನೂ ಉರಿಸುವುದರಿಂದಲೇ ಭೂಮಿಯು ಬಿಸಿಯಾಗುತ್ತಿದೆಯೇ?” ಎಂದು ನಮ್ಮ ಹತ್ತನೆಯ ತರಗತಿಯ ಬಾಲಕಿಯೊಬ್ಬಳು ಈ ವರುಷ ಕೇಳಿದಳು. ಹಿರಿಯರನೇಕರೂ ಹೀಗೆಯೇ ಭಾವಿಸಿರುವುದರಿಂದ, ಅವಳಿಗೆ ಕೊಟ್ಟ ಉತ್ತರವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಹಾಗೂ ಪೋಷಕರ ಮುಂದೆಯೂ ಇಡಲಿಚ್ಛಿಸುತ್ತೇವೆ.

ಬೆಂಕಿಯ ಕಾವು ಅಲ್ಪವಾದುದು; ಅದು ಬೇಗನೆ ಆಕಾಶದಲ್ಲಿ ಲಯವಾಗುವುದು. ಆದರೆ ಕಲ್ಲಿದ್ದಲನ್ನೂ ಎಣ್ಣೆಯನ್ನೂ ಉರಿಸಿದಾಗ ಹುಟ್ಟುವ ಇಂಗಾಲಾಮ್ಲ ವಾಯುವಿನ ಒಂದಂಶವು ಶತಮಾನಗಳವರೆಗೆ ನಿಲ್ಲುವುದು. ಕಂಬಳಿಯು ತಾನಾಗಿ ಕಾವನ್ನು ಹುಟ್ಟಿಸದು, ಹೊದ್ದವರ ಕಾವನ್ನು ಹಿಡಿದಿಡುವುದು. ಈ ವಾಯುವೂ ಹಾಗೆಯೇ. ನಮ್ಮ ಯಂತ್ರಗಳೆಲ್ಲದರ ಕಾವು, ಈ ಕಂಬಳಿಯು ಹಿಡಿದಿಡುವುದರ ಐವತ್ತರಲ್ಲೊಂದು ಪಾಲೂ ಆಗದು. ಕಾರ್ಖಾನೆಗಳ ಯುಗಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 280 ಭಾಗವಿದ್ದ ಈ ವಾಯುವು 1958ರಲ್ಲಿ ಸುಮಾರು 315 ಆಗಿ, 2024ರಲ್ಲಿ 420ನ್ನು ಮೀರಿತು.

ಆದುದರಿಂದ ಎಷ್ಟು ಶಕ್ತಿಯನ್ನು ಬಳಸಿದೆವೆಂಬುದಕ್ಕಿಂತಲೂ, ಅದು ಯಾವುದರಿಂದ ಬಂದಿತೆಂಬುದೇ ಮುಖ್ಯವೆಂದು ನಮ್ಮ ಅಭಿಪ್ರಾಯ. ಶಿವನಸಮುದ್ರದಲ್ಲಿ 1902ರಲ್ಲಿ ನೀರಿನ ಧುಮುಕಿನಿಂದ ಪಡೆದ ವಿದ್ಯುತ್ತಿಗೂ, ರಾಯಚೂರಿನಲ್ಲಿ ಕಲ್ಲಿದ್ದಲಿನಿಂದ ಪಡೆಯುವ ವಿದ್ಯುತ್ತಿಗೂ ದೀಪದ ಬೆಳಕಿನಲ್ಲಿ ಭೇದವಿಲ್ಲ. ಕಂಬಳಿಯ ದಪ್ಪದಲ್ಲಿ ಭೇದವುಂಟು. ವ್ಯರ್ಥವಾಗಿ ಉರಿಯುವ ದೀಪವನ್ನು ಆರಿಸುವುದು ಒಳ್ಳೆಯ ಅಭ್ಯಾಸವೇ ಸರಿ. ಆದರೆ ಅಷ್ಟನ್ನೇ ಕಲಿಸಿ ಸುಮ್ಮನಾದರೆ ಮಕ್ಕಳಿಗೆ ಅರ್ಧಸತ್ಯವನ್ನು ಕಲಿಸಿದಂತಾಗುವುದು.

ಈ ವಾಯುವಿನ ಗುಣವನ್ನು ಮೊದಲು ಪರೀಕ್ಷಿಸಿದವರಲ್ಲಿ ಒಬ್ಬಳು ಸ್ತ್ರೀ ಎಂಬುದನ್ನು ನಮ್ಮ ಬಾಲಕಿಯರು ಅರಿಯತಕ್ಕದ್ದು. ಅಮೇರಿಕಾದ ಯೂನಿಸ್ ಫೂಟ್ ಎಂಬಾಕೆಯು ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ವಾಯುಗಳನ್ನು ತುಂಬಿ ಬಿಸಿಲಿನಲ್ಲಿಟ್ಟಾಗ, ಇಂಗಾಲಾಮ್ಲ ವಾಯುವಿದ್ದ ಕೊಳವೆಯು ಹೆಚ್ಚು ಬಿಸಿಯಾಗಿ, ಬಹಳ ನಿಧಾನವಾಗಿ ತಣಿಯಿತು. ಗಾಳಿಯಲ್ಲಿ ಈ ವಾಯುವು ಹೆಚ್ಚಿದರೆ ಭೂಮಿಯೂ ಬಿಸಿಯಾದೀತೆಂದು ಆಕೆ ಊಹಿಸಿದಳು. ಆದರೆ 1856ರ ವಿದ್ವತ್ಸಭೆಯಲ್ಲಿ ಆ ಲೇಖನವನ್ನು ಓದಿದವರು ಆಕೆಯಲ್ಲ. ಜೋಸೆಫ್ ಹೆನ್ರಿ ಎಂಬ ಪುರುಷ ವಿದ್ವಾಂಸರು. ಮುಂದೆ ಬಹುಕಾಲ ಲೋಕವು ಆಕೆಯನ್ನು ಮರೆತಿತ್ತು.

ಪ್ರತಿ ವರುಷವೂ ವಿಜ್ಞಾನದಲ್ಲಿ ಮುಂದಿರುವ ಕೆಲವು ಬಾಲಕಿಯರು, “ಮನೆಯಲ್ಲಿ ಬೇಡವೆಂದರು” ಎಂದು ನಮ್ಮೆದುರು ತಲೆತಗ್ಗಿಸಿ ನಿಲ್ಲುವುದನ್ನು ಕಾಣುತ್ತೇವೆ. ಪೋಷಕರೇ, ಹೆಚ್ಚುತ್ತಿರುವ ಬೇಸಗೆಯಲ್ಲಿ ಬಾಳಬೇಕಾದವರು ಈ ಮಕ್ಕಳೇ. ಅದರ ಕಾರಣವನ್ನು ಶೋಧಿಸುವ, ಪರಿಹಾರವನ್ನು ಹುಡುಕುವ ವಿದ್ಯೆಯನ್ನು ದಯವಿಟ್ಟು ಅವರಿಗೆ ನಿರಾಕರಿಸದಿರಿ. ಪ್ರಶ್ನೆ ಕೇಳಿದ ಆ ಬಾಲಕಿಯ ತಂದೆಯವರಲ್ಲಿಯೂ ನಮ್ಮ ಬಿನ್ನಹವಿದೇ.