ಸೇತುವೆಗೆ ಇರುವ ಕಾಳಜಿ ಹಿಂದೆ ಬರುವ ಬೈಕಿನವನಿಗೂ ಬೇಕು

ಚೆನ್ನೈಯಿಂದಲೋ ಪುಣೆಯಿಂದಲೋ ಹಬ್ಬಕ್ಕೆ ಕಾರಿನಲ್ಲಿ ಊರಿಗೆ ಹೊರಡುವ ನಮ್ಮಂಥವರಿಗೆ ರಾಷ್ಟ್ರೀಯ ಹೆದ್ದಾರಿ 48 ನಮ್ಮ ಮನೆಯ ಓಣಿಯಷ್ಟೇ ಪರಿಚಿತ. ಈ ದಾರಿಯಲ್ಲಿ ಈಚಿನ ವರ್ಷಗಳಲ್ಲಿ ಪದೇ ಪದೇ ಎದುರಾಗುವುದು ಗಾಳಿಯಂತ್ರದ ರೆಕ್ಕೆ ಹೊತ್ತ ಟ್ರೇಲರ್. ಚೆನ್ನೈ ಸುತ್ತ ರೆಕ್ಕೆ ತಯಾರಿಸುವ ಕಾರ್ಖಾನೆಗಳಿವೆ, ಚಿತ್ರದುರ್ಗ, ಗದಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳ ಸಾಲೇ ಇದೆ. ಮಕ್ಕಳು ಕಿಟಕಿಯಿಂದ ಬೆರಗಾಗಿ ನೋಡುತ್ತಾರೆ. ಚೆನ್ನೈಯಲ್ಲಿ ಭಾರಿ ಯಂತ್ರಗಳ ಸಾಗಣೆ ಯೋಜಿಸುವ ಕೆಲಸದಲ್ಲಿರುವ ನನ್ನ ಕಣ್ಣು ಮಾತ್ರ ಮೊದಲು ಅದರ ಬಾಲದ ಕಡೆ ಹೋಗುತ್ತದೆ. ಅಲ್ಲಿ ದೀಪ ಇದೆಯೋ ಇಲ್ಲವೋ?

ನಮ್ಮ ವೃತ್ತಿಯಲ್ಲಿ ಇಂಥ ಸರಕಿಗೆ 'ಓಡಿಸಿ' ಎನ್ನುತ್ತೇವೆ, ಅಂದರೆ ಅಳತೆ ಮೀರಿದ ಸರಕು. ಕೇಂದ್ರ ಮೋಟಾರು ವಾಹನ ನಿಯಮಗಳ 93ನೇ ನಿಯಮದಂತೆ ವಾಹನದ ಅಗಲ 2.6 ಮೀಟರ್ ದಾಟಬಾರದು. ಸರಕು ವಾಹನದ ಎತ್ತರದ ಮಿತಿಯನ್ನು 2020ರಲ್ಲಿ 3.8ರಿಂದ 4 ಮೀಟರ್‌ಗೆ ಏರಿಸಲಾಯಿತು. ಇದನ್ನು ಮೀರುವ ಸರಕಿಗೆ ವಿಶೇಷ ಅನುಮತಿ ಬೇಕು.

ಆ ಅನುಮತಿ ಪತ್ರಗಳನ್ನು ವರ್ಷಗಟ್ಟಲೆ ಓದಿದ ಮೇಲೆ ನನಗೆ ಒಂದು ವಿಷಯ ಸ್ಪಷ್ಟವಾಗಿದೆ. ಅವುಗಳನ್ನು ಬರೆಯುವುದು ಸೇತುವೆಯನ್ನು ಕಾಪಾಡಲು. ನೂರಾರು ಟನ್ ತೂಕದ ಟ್ರಾನ್ಸ್‌ಫಾರ್ಮರ್ ಹೈಡ್ರಾಲಿಕ್ ಆಕ್ಸಲ್ ಟ್ರೇಲರ್ ಮೇಲೆ ಹೊರಟರೆ, ಪತ್ರದಲ್ಲಿ ಷರತ್ತುಗಳು ಬಲು ನಿಖರ: ಸೇತುವೆಯ ಮೇಲೆ ಗಂಟೆಗೆ 5 ಕಿ.ಮೀ. ವೇಗ, ರಸ್ತೆಯ ನಟ್ಟನಡುವೆಯೇ ಸಾಗಬೇಕು, ಸೇತುವೆಯ ಮೇಲೆ ಬ್ರೇಕ್ ಹಾಕಬಾರದು, ಆ ಹೊತ್ತಿನಲ್ಲಿ ಬೇರೆ ಯಾವ ವಾಹನವೂ ಅದರ ಮೇಲಿರಬಾರದು. ಇದು ತಪ್ಪಲ್ಲ. ಸೇತುವೆ ಕುಸಿದರೆ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತು.

ಗಾಳಿಯಂತ್ರದ ರೆಕ್ಕೆಯ ಕಥೆ ಬೇರೆ. ಉದ್ದ ಅರವತ್ತು, ಎಪ್ಪತ್ತು ಮೀಟರ್, ತೂಕ ಇಪ್ಪತ್ತು ಟನ್ ಆಸುಪಾಸು, ಅಷ್ಟೇ. ಸೇತುವೆಯ ಎಂಜಿನಿಯರ್‌ಗೆ ಅದರಿಂದ ಚಿಂತೆಯಿಲ್ಲ. ಚಿಂತೆ ಇರಬೇಕಾದದ್ದು ಹಿಂದೆ ಬರುವ ಬೈಕಿನವನಿಗೆ. ಲಾರಿಯ ಮುಂಭಾಗ ಎಡಕ್ಕೆ ತಿರುಗಿದರೆ, ಚಕ್ರಗಳಿಂದಾಚೆ ಚಾಚಿಕೊಂಡ ರೆಕ್ಕೆಯ ತುದಿ ಬಲಕ್ಕೆ ಬೀಸುತ್ತದೆ. ಪಕ್ಕದಲ್ಲಿ ನುಗ್ಗಿ ಬಂದವನಿಗೆ ಅದು ತಿಳಿಯುವ ಹೊತ್ತಿಗೆ ತಡವಾಗಿರುತ್ತದೆ. ಇದನ್ನು ತಡೆಯುವುದು ಹಿಂದೆ ಬರುವ ಬೆಂಗಾವಲು ಜೀಪು. ಪತ್ರದಲ್ಲಿ ಪೈಲಟ್ ವಾಹನ ಇರಬೇಕು, ಕೆಂಪು ದೀಪ ಇರಬೇಕು ಎಂದೆಲ್ಲ ಇರುತ್ತದೆ. ಪರಿಶೀಲಿಸುವವರು ಯಾರು? ತೂಕ ನೋಡಲು ಟೋಲ್‌ನಲ್ಲಿ ಯಂತ್ರವಿದೆ. ದೀಪ ನೋಡಲು ಯಾರೂ ಇಲ್ಲ.

ಅಮೆರಿಕದ ಹಲವು ರಾಜ್ಯಗಳಲ್ಲಿ ಬೆಂಗಾವಲು ವಾಹನ ಓಡಿಸುವವರಿಗೆ ತರಬೇತಿ, ಪ್ರಮಾಣಪತ್ರ ಕಡ್ಡಾಯ. ಬ್ರಿಟನ್ನಿನಲ್ಲಿ ಇಂಥ ಸರಕು ಹೊರಡುವ ಎರಡು ಕೆಲಸದ ದಿನ ಮೊದಲೇ ಪೊಲೀಸರಿಗೆ ತಿಳಿಸಬೇಕು. ನಮ್ಮಲ್ಲಿ ಪೈಲಟ್ ಚಾಲಕನಿಗೆಂದೇ ಪ್ರತ್ಯೇಕ ಪರವಾನಗಿ ಇಲ್ಲ. ನಾನು ಕಂಡ ಪೈಲಟ್‌ಗಳಲ್ಲಿ ಹೆಚ್ಚಿನವರು ಹಳೆಯ ಜೀಪು, ಒಂದು ಸೀಟಿ, ಒಂದು ಕೆಂಪು ಬಟ್ಟೆ ಇಟ್ಟುಕೊಂಡು ಧೈರ್ಯದಿಂದಲೇ ದುಡಿಯುವ ಹುಡುಗರು. ಅವರ ಮೇಲೆ ನನಗೆ ಸಿಟ್ಟಿಲ್ಲ.

ಚಲಿಸುವ ಟ್ರೇಲರ್‌ಗಿಂತ ನಿಂತ ಟ್ರೇಲರ್ ನನಗೆ ಹೆಚ್ಚು ಭಯ. ನಗರಗಳು ಹಗಲಲ್ಲಿ ಭಾರಿ ವಾಹನಗಳನ್ನು ಒಳಗೆ ಬಿಡುವುದಿಲ್ಲ. ರಾಷ್ಟ್ರೀಯ ಹೆದ್ದಾರಿಯ ಅನುಮತಿ ಕೇಂದ್ರ ಸಚಿವಾಲಯದ್ದು, ರಾಜ್ಯ ಹೆದ್ದಾರಿಗೆ ಲೋಕೋಪಯೋಗಿ ಇಲಾಖೆ, ತಂತಿ ಎತ್ತಲು ವಿದ್ಯುತ್ ಕಂಪನಿ, ಹಳಿ ದಾಟಲು ರೈಲ್ವೆ. ವಿದ್ಯುದೀಕೃತ ಮಾರ್ಗದ ಲೆವೆಲ್ ಕ್ರಾಸಿಂಗ್‌ನಲ್ಲಿ ಎತ್ತರದ ತಡೆ 4.67 ಮೀಟರ್‌ಗೇ ಇರುತ್ತದೆ. ಇವುಗಳಲ್ಲಿ ಒಂದು ಕಾಗದ ತಡವಾದರೂ ಗಾಡಿ ದಾರಿಬದಿಯಲ್ಲೇ ಠಿಕಾಣಿ. ಒಮ್ಮೆ ಕೃಷ್ಣಗಿರಿ ದಾಟಿ ಹೊಸೂರು ಕಡೆಗೆ ರಾತ್ರಿ ಬರುವಾಗ ಅಂಥದೊಂದು ನಿಂತಿತ್ತು. ರೆಕ್ಕೆಯ ತುದಿ ಅರ್ಧ ಲೇನಿನ ಮೇಲೆ, ಗುರುತಿಗೆ ಬಣ್ಣಗೆಟ್ಟ ಒಂದು ಬಟ್ಟೆ. ಮುಂದಿದ್ದ ಬಸ್ಸು ಸರಕ್ಕನೆ ಬಲಕ್ಕೆ ಎಳೆದದ್ದರಿಂದ ನಮಗೆ ಅದು ಕಂಡಿತು. ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491. ಆ ವರ್ಷದ ಅಪಘಾತಗಳಲ್ಲಿ ಅತಿ ದೊಡ್ಡ ಪಾಲು ಹಿಂದಿನಿಂದ ಗುದ್ದಿದ್ದು.

ಬೆಂಗಳೂರಿನ ಈಜಿಪುರಕ್ಕೆ ಬಂದ ವಿಗ್ರಹ ನಿಮಗೆ ನೆನಪಿರಬಹುದು. ತಮಿಳುನಾಡಿನ ವಂದವಾಸಿ ಬಳಿಯ ಕೊರಕ್ಕೋಟ್ಟೈಯಿಂದ 240 ಚಕ್ರದ ವಾಹನದಲ್ಲಿ 2018ರ ಡಿಸೆಂಬರ್‌ನಲ್ಲಿ ಹೊರಟದ್ದು ತಲುಪಿದ್ದು 2019ರ ಜೂನ್‌ನಲ್ಲಿ. ಸೆಂಜಿಯಲ್ಲಿ ಅಂಗಡಿ, ಮನೆಗಳ ಮುಂಭಾಗ ಒಡೆಯಬೇಕಾಯಿತು, ನದಿ ದಾಟಲು ತಾತ್ಕಾಲಿಕ ಮಣ್ಣಿನ ರಸ್ತೆ ಹಾಕಬೇಕಾಯಿತು. ಅದೇ 2019ರಲ್ಲಿ ಮಹಾರಾಷ್ಟ್ರದಿಂದ ತಿರುವನಂತಪುರದ ಬಾಹ್ಯಾಕಾಶ ಕೇಂದ್ರಕ್ಕೆ ಹೊರಟ ಯಂತ್ರವೊಂದು ದಾರಿಯಲ್ಲಿ ಸುಮಾರು ಒಂದು ವರ್ಷ ಕಳೆಯಿತು. ಪತ್ರಿಕೆಗಳು ಇವನ್ನು ಸಾಹಸಗಾಥೆಯಾಗಿ ಬರೆದವು. ನನಗೆ ಅವು ದಾರಿಯನ್ನು ಮೊದಲೇ ಅಳೆಯದೆ ಹೊರಟರೆ ಏನಾಗುತ್ತದೆ ಎಂಬುದರ ಲೆಕ್ಕಪತ್ರ.

ನಿಯಮ ಬಿಗಿ ಮಾಡಿದರೆ ಕೈಗಾರಿಕೆ ನಿಲ್ಲುತ್ತದೆ ಎಂಬ ವಾದ ನಮ್ಮ ಕ್ಷೇತ್ರದಲ್ಲಿ ಸಾಮಾನ್ಯ. ಕಬ್ಬಿಣದ ಸರಳಿನ ಉದಾಹರಣೆ ನೋಡಿ. ಲಾರಿಯ ಹಿಂದೆ ಒಂದು ಮೀಟರ್‌ವರೆಗೆ ಸರಳು ಚಾಚಲು ಮೊದಲು ಅವಕಾಶವಿತ್ತು. ನ್ಯಾಯಾಲಯದ ತನಕ ಹೋದ ಹೋರಾಟದ ನಂತರ 2014ರಲ್ಲಿ ಅದನ್ನು ತೆಗೆದುಹಾಕಲಾಯಿತು. ಉಕ್ಕಿನ ವ್ಯಾಪಾರ ನಿಂತಿತೇ? ಸರಕು ಹೊರಚಾಚಿದರೆ 2019ರ ತಿದ್ದುಪಡಿಯ ಪ್ರಕಾರ ದಂಡ 20,000 ರೂಪಾಯಿ. ಆದರೂ ಹಳ್ಳಿ ರಸ್ತೆಗಳಲ್ಲಿ ಸರಳು ಚಾಚಿದ ಗಾಡಿ ಈಗಲೂ ಕಾಣುತ್ತದೆ. ದಂಡ ಇದೆ, ಹಿಡಿಯುವವರಿಲ್ಲ.

ಬೇಕಾದದ್ದು ದೊಡ್ಡದೇನಲ್ಲ. ಹೊರಡುವ ದಿನ ದೀಪ, ಪ್ರತಿಫಲನ ಪಟ್ಟಿ, ಬೆಂಗಾವಲು ವಾಹನಗಳ ಫೋಟೊ ಇಲ್ಲದೆ ಅನುಮತಿ ಜಾರಿಯಾಗಬಾರದು. ಐವತ್ತು ಕಿ.ಮೀ.ಗೊಂದರಂತೆ ಇಂಥ ಗಾಡಿ ನಿಲ್ಲಲು ಬೆಳಕಿರುವ ಜಾಗ ಬೇಕು. ಹೊಸೂರು–ಅತ್ತಿಬೆಲೆಯಂಥ ಗಡಿಯಲ್ಲಿ ಎರಡೂ ರಾಜ್ಯಗಳ ಪೊಲೀಸರಿಗೆ ವೇಳಾಪಟ್ಟಿ ಮೊದಲೇ ಹೋಗಬೇಕು.

ಅಲ್ಲಿಯತನಕ ನಾವು ಮಾಡಬಹುದಾದದ್ದು ಇಷ್ಟು. ಟ್ರೇಲರ್ ತಿರುವಿನಲ್ಲಿದ್ದರೆ ಓವರ್‌ಟೇಕ್ ಬೇಡ, ಅದು ನೆಟ್ಟಗಾಗುವವರೆಗೆ ಹಿಂದೆಯೇ ಇರಿ. ಪೈಲಟ್ ಹುಡುಗ ಕೈ ತೋರಿಸಿದರೆ ಹಾರ್ನ್ ಹೊಡೆಯಬೇಡಿ, ನಿಲ್ಲಿ. ದೀಪವಿಲ್ಲದೆ ನಿಂತ ಗಾಡಿ ಕಂಡರೆ 1033ಕ್ಕೆ ಫೋನ್ ಮಾಡಿ, ಹತ್ತಿರದ ಕಿ.ಮೀ. ಕಲ್ಲಿನ ಸಂಖ್ಯೆ ಹೇಳಿ. ಫೋನು ಚಾಲಕನ ಕೈಯಲ್ಲಿ ಬೇಡ, ಪಕ್ಕದಲ್ಲಿ ಕುಳಿತವರು ಮಾಡಲಿ.