ಅದಿರಿಗೆ ಹಳಿ, ಜನಕ್ಕೆ ಸರ್ವೆ

ಫೆಬ್ರವರಿ 1ರ ಬಜೆಟ್ ಮತ್ತೆ ಹತ್ತಿರ ಬಂದಿದೆ. ಕೂಡ್ಲಿಗಿ ಮತ್ತು ಹೂವಿನಹಡಗಲಿಯ ಜನ ಮತ್ತೆ ಟಿ.ವಿ. ಮುಂದೆ ಕೂತು ತಮ್ಮೂರಿನ ಹೆಸರು ಬಂತೇ ಎಂದು ಕಿವಿಗೊಡಬೇಕು. 2017ರಲ್ಲಿ ರೈಲ್ವೆ ಬಜೆಟ್ಟನ್ನು ಸಾಮಾನ್ಯ ಬಜೆಟ್ಟಿನ ಹೊಟ್ಟೆಗೆ ಹಾಕಿದ ಮೇಲೆ ಹೊಸ ಮಾರ್ಗಗಳ ಹೆಸರು ಓದುವ ಶಾಸ್ತ್ರವೂ ನಿಂತಿದೆ. ಮೊದಲು ನಿರಾಸೆಯನ್ನಾದರೂ ಕಿವಿಯಾರೆ ಕೇಳಬಹುದಿತ್ತು.

ವಿಜಯನಗರ ಜಿಲ್ಲೆಯಲ್ಲಿ ಆರು ತಾಲ್ಲೂಕು. ಹೊಸಪೇಟೆಗೆ ರೈಲಿದೆ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿಗಳಿಗೂ ಇದೆ. ಕೂಡ್ಲಿಗಿಗೆ ಇಲ್ಲ, ಹಡಗಲಿಗೆ ಇಲ್ಲ. ಗಾಂಧೀಜಿಯ ಚಿತಾಭಸ್ಮ ಕೂಡ್ಲಿಗಿಗೆ ಬಂದು ಸ್ಮಾರಕವಾಯಿತು, ರೈಲು ಬರಲಿಲ್ಲ. ಮೈಲಾರದ ಕಾರಣಿಕ ಕೇಳಲು ಹಡಗಲಿ ತಾಲ್ಲೂಕಿಗೆ ಲಕ್ಷಾಂತರ ಜನ ಬರುತ್ತಾರೆ. ಬರುವುದು ಬಸ್ಸಿನಲ್ಲಿ, ಟ್ರ್ಯಾಕ್ಟರಿನಲ್ಲಿ, ಎತ್ತಿನ ಗಾಡಿಯಲ್ಲಿ.

ಈ ಅನ್ಯಾಯ ನಿನ್ನೆ ಮೊನ್ನೆಯದಲ್ಲ. ಬ್ರಿಟಿಷರ ಕಾಲದ ಸದರ್ನ್ ಮರಾಠಾ ರೈಲ್ವೆ ಹೊಸಪೇಟೆಯಿಂದ ಕೊಟ್ಟೂರಿಗೆ ಮೀಟರ್‌ಗೇಜ್ ಹಳಿ ಹಾಕಿದ್ದು 1905ರ ಹೊತ್ತಿಗೆ. ಆಗ ಕೊಟ್ಟೂರು ಕೂಡ್ಲಿಗಿ ತಾಲ್ಲೂಕಿನ ಒಂದು ಊರು. ಹಾಗಾಗಿ ಕಾಗದದ ಮೇಲೆ ಕೂಡ್ಲಿಗಿ ತಾಲ್ಲೂಕಿಗೂ ರೈಲಿತ್ತು; ತಾಲ್ಲೂಕು ಕಚೇರಿ ಇದ್ದ ಊರಿಗೆ ಮಾತ್ರ ಇರಲಿಲ್ಲ. 2018ರಲ್ಲಿ ಕೊಟ್ಟೂರು ಬೇರೆ ತಾಲ್ಲೂಕಾಯಿತು. ಆಗಲಿ, ಯಾರಿಗೂ ಹೊಟ್ಟೆಕಿಚ್ಚಿಲ್ಲ. ಆದರೆ ಕೂಡ್ಲಿಗಿಯವರು ನೂರು ವರ್ಷ ತಮ್ಮದೆಂದು ಹೇಳಿಕೊಳ್ಳುತ್ತಿದ್ದ ನಿಲ್ದಾಣವೂ ಗಡಿ ದಾಟಿ ಹೋಯಿತು. ಹಳಿ ಕೀಳದೆಯೇ ಒಂದು ತಾಲ್ಲೂಕಿನ ರೈಲನ್ನು ಕಿತ್ತುಕೊಳ್ಳಬಹುದು ಎಂದು ಸರ್ಕಾರ ತೋರಿಸಿಕೊಟ್ಟಿತು.

ರೈಲಿದ್ದ ಊರುಗಳೂ ಸುಖಪಟ್ಟಿಲ್ಲ. ಹಳಿಗಳನ್ನೆಲ್ಲ ಒಂದೇ ಅಗಲಕ್ಕೆ ತರುವ ಯೂನಿಗೇಜ್ ಯೋಜನೆ 1992ರಲ್ಲಿ ಶುರುವಾಯಿತು. ಆಗ ರೈಲ್ವೆ ಸಚಿವರಾಗಿದ್ದವರು ಪಕ್ಕದ ಚಳ್ಳಕೆರೆಯ ಜಾಫರ್ ಷರೀಫ್. ಹೊಸಪೇಟೆ–ಕೊಟ್ಟೂರು ಹಳಿಯೂ ಬ್ರಾಡ್‌ಗೇಜ್ ಆಯಿತು, ಪ್ಯಾಸೆಂಜರ್ ಗಾಡಿ ನಿಂತಿತು. ಹಳಿ ಅಗಲವಾದ ಮೇಲೆ ಗಾಡಿ ಮರಳಿ ಬರಬೇಕಿತ್ತಲ್ಲವೇ? ಬಂದದ್ದು ಗೂಡ್ಸ್. ಮರಿಯಮ್ಮನಹಳ್ಳಿ, ಹಂಪಾಪಟ್ಟಣ, ಮಾಲವಿಯ ಮಕ್ಕಳು ವರ್ಷಗಟ್ಟಲೆ ವ್ಯಾಗನ್ ಎಣಿಸುತ್ತ ಬೆಳೆದರು. ಕೊಟ್ಟೂರು–ಹರಿಹರ ನಡುವಿನ ಸುಮಾರು 65 ಕಿ.ಮೀ. ಹೊಸ ಮಾರ್ಗಕ್ಕೆ 1995–96ರಲ್ಲಿ ಮಂಜೂರಾತಿ ಸಿಕ್ಕಿತು. ಅದರ ಮೇಲೆ ಪ್ರಯಾಣಿಕರ ರೈಲು ಓಡಿದ್ದು 2014ರಲ್ಲಿ, ಮಲ್ಲಿಕಾರ್ಜುನ ಖರ್ಗೆ ರೈಲ್ವೆ ಸಚಿವರಾಗಿದ್ದಾಗ. ಅದು ಹೊಸಪೇಟೆ ಮುಟ್ಟಲು 2019ರ ಅಕ್ಟೋಬರ್ ಬರಬೇಕಾಯಿತು. ಆಗ ರೈಲ್ವೆ ರಾಜ್ಯ ಸಚಿವರು ಬೆಳಗಾವಿಯ ಸುರೇಶ ಅಂಗಡಿ. ಮಂಜೂರಾತಿಯ ವರ್ಷ ಹುಟ್ಟಿದ ಕೂಸು ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿತ್ತು.

ಇಷ್ಟು ಅನುಭವಿಸಿದ ಮೇಲೂ ಈ ತಾಲ್ಲೂಕುಗಳ ಮುಖಂಡರು ಒಂದು ಮಾತಿಗೆ ಬಂದಿಲ್ಲ. ಗದಗದಿಂದ ಮುಂಡರಗಿ, ಹಡಗಲಿ ಮೇಲೆ ಹರಪನಹಳ್ಳಿಗೆ ಹಳಿ ಬೇಕೆಂಬುದು ಒಂದು ಗುಂಪಿನ ಕೂಗು. ಹಳೆಯ 13, ಈಗಿನ 50ನೇ ಹೆದ್ದಾರಿಯ ಪಕ್ಕದಲ್ಲೇ ಹೊಸಪೇಟೆಯಿಂದ ಕೂಡ್ಲಿಗಿ ಹಾಯ್ದು ಚಿತ್ರದುರ್ಗಕ್ಕೆ ಬೇಕೆಂಬುದು ಇನ್ನೊಂದು ಗುಂಪಿನದು. ಮೊದಲನೆಯದು ಕೂಡ್ಲಿಗಿಯನ್ನು ಮರೆಯುತ್ತದೆ, ಎರಡನೆಯದು ಹಡಗಲಿಯನ್ನು. ತಮಾಷೆಯೆಂದರೆ ಎರಡೂ ಗುಂಪಿನವರು ಒಂದೇ ಪ್ರವಾಸಿ ಮಂದಿರದಲ್ಲಿ, ಒಂದೇ ಮಂತ್ರಿಗೆ, ಒಂದೇ ದಿನ ಮನವಿ ಕೊಟ್ಟು ಬೆನ್ನು ತಿರುಗಿಸಿ ನಿಲ್ಲಬಲ್ಲರು. ಮಂತ್ರಿಗೂ ಅದೇ ಬೇಕು. ನೀವೇ ಒಂದು ನಿರ್ಧಾರಕ್ಕೆ ಬನ್ನಿ ಎಂದು ಕಾರು ಹತ್ತಬಹುದು.

ಎರಡೂ ಊರು ಮುಟ್ಟುವ ದಾರಿ ಇಲ್ಲದಿಲ್ಲ. ಮುಂಡರಗಿ ಕಡೆಯಿಂದ ತುಂಗಭದ್ರಾ ಹೊಳೆ ದಾಟುವ ಮಾರ್ಗ ಹಡಗಲಿಗೆ ಬಂದು, ಕೊಟ್ಟೂರಿನಲ್ಲಿ ಈಗಿರುವ ಹಳಿಯನ್ನು ಕೂಡಿ, ಅಲ್ಲಿಂದ ಕೂಡ್ಲಿಗಿಗೆ ಹೋಗಲಿ. ಕೊಟ್ಟೂರಿನಿಂದ ಕೂಡ್ಲಿಗಿ ಇರುವುದು ಇಪ್ಪತ್ತು ಕಿ.ಮೀ. ಆಸುಪಾಸಿನಲ್ಲಿ. ಹಗರಿಬೊಮ್ಮನಹಳ್ಳಿಯವರಿಗೆ ಆ ಕೂಡುಹಳಿ ತಮ್ಮೂರಲ್ಲೇ ಆಗಬೇಕೆನಿಸಿದರೆ ಮಾತಾಡಿ ಬಗೆಹರಿಸಬಹುದು. ಎಂಜಿನಿಯರುಗಳಿಗೂ ಏನಾದರೂ ಕೆಲಸ ಬೇಕಲ್ಲ.

ಲಾಭವಿಲ್ಲ ಎನ್ನುವವರಿದ್ದಾರೆ. ಹೌದೇ? ಕಾಸಿಗೆ ಕಾಸು ಲೆಕ್ಕ ಹಾಕುವ ಬ್ರಿಟಿಷ್ ಕಂಪನಿಗೆ 1905ರಲ್ಲಿ ಕೊಟ್ಟೂರಿನಲ್ಲಿ ಕಂಡ ಲಾಭ ಇಂದಿನ ಪಂಡಿತರಿಗೆ ಕಾಣದು. ಅದಿರು ತುಂಬಲು ಸಂಡೂರಿನ ಬೆಟ್ಟಗಳ ಮಗ್ಗುಲಲ್ಲಿ ಸ್ವಾಮಿಹಳ್ಳಿಯವರೆಗೆ ಹಳಿ ಹೋಗಬಹುದು. ಕೂಡ್ಲಿಗಿಯ ಶೇಂಗಾ, ಹಡಗಲಿಯ ಮಲ್ಲಿಗೆ, ಬೆಂಗಳೂರಿಗೂ ಮಲೆನಾಡಿನ ಕಾಫಿ ತೋಟಗಳಿಗೂ ಗುಳೆ ಹೋಗುವ ಕೂಲಿಕಾರರು ಮಾತ್ರ ಲೆಕ್ಕಕ್ಕೆ ಸಿಗರು. ಮಲ್ಲಿಗೆ ಭಾರವಿಲ್ಲದ ಸರಕು ನೋಡಿ, ವ್ಯಾಗನ್ ತೂಗುವುದಿಲ್ಲ! ತುಂಗಭದ್ರೆಗೆ ಸೇತುವೆ ದುಬಾರಿ ಎನ್ನುವವರಂತೂ ಇನ್ನೂ ಬುದ್ಧಿವಂತರು. ಅದೇ ಹೊಳೆಗೆ ಅಣೆಕಟ್ಟು ಕಟ್ಟಿದಾಗ ಹಿನ್ನೀರಿಗೆ ಹೊಲ, ಮನೆ, ಗುಡಿ ಬಿಟ್ಟುಕೊಟ್ಟ ಹಳ್ಳಿಗಳು ಇದೇ ತಾಲ್ಲೂಕುಗಳಲ್ಲಿವೆ. ಆಗ ದುಬಾರಿಯ ಮಾತು ಯಾರ ಬಾಯಲ್ಲೂ ಬರಲಿಲ್ಲ.

ಹೊಸಪೇಟೆಯ ಧಣಿಗಳಿಗೂ ಒಂದು ಮಾತು. 2021ರ ಅಕ್ಟೋಬರ್ 2ರಂದು ಜಿಲ್ಲೆ ಉದ್ಘಾಟನೆಯಾಯಿತು, ಜಿಲ್ಲಾ ಕೇಂದ್ರವೂ ನಿಮ್ಮಲ್ಲೇ ಉಳಿಯಿತು. ಹರಪನಹಳ್ಳಿಯವರು ತಮ್ಮೂರೇ ಕೇಂದ್ರವಾಗಲಿ ಎಂದು ಬೀದಿಗಿಳಿದದ್ದು ಯಾರಿಗೂ ಮರೆತಿಲ್ಲ. ಕಚೇರಿಗಳೆಲ್ಲ ನಿಮ್ಮೂರಲ್ಲಿ, ಕಚೇರಿಗೆ ಅಲೆಯುವವರು ಉಳಿದ ಐದು ತಾಲ್ಲೂಕಿನಲ್ಲಿ. ಖಾಸಗಿ ಬಸ್ಸು, ಟಂಟಂ ಓಡಿಸುವವರಿಗೆ ರೈಲಿಲ್ಲದಿರುವುದರಿಂದ ಯಾವ ತೊಂದರೆಯೂ ಇಲ್ಲ. ಅವರ ಮೌನವೇ ಅದನ್ನು ಹೇಳುತ್ತದೆ.

ಹಳಿ ಬಂದರೂ ಹೇಗೆ ಬರುತ್ತದೆ ಎಂಬ ಭಯ ಬೇರೆ. ಭೂಮಿ ಅಗ್ಗ ಎಂದು ಊರಾಚೆ ನಿಲ್ದಾಣ ಕಟ್ಟಿ, ಅಲ್ಲಿಗೆ ಹೋಗಲು ಮತ್ತೆ ಆಟೋಕ್ಕೆ ದುಡ್ಡು ತೆರುವಂತೆ ಮಾಡಬಾರದು. ಗೇಟು ತೆಗೆದು ಅಂಡರ್‌ಪಾಸ್ ತೋಡಿದರೆ ಮೊದಲ ಮಳೆಗೇ ಅದು ಹೊಂಡವಾಗಿ, ಚಕ್ಕಡಿ ಆಚೆ, ಹೊಲ ಈಚೆ ಆಗುತ್ತದೆ. ನಿಲ್ದಾಣ ಬಸ್ ನಿಲ್ದಾಣದ ಹತ್ತಿರವಿರಲಿ, ಮಳೆನೀರು ಹರಿದು ಹೋಗಲು ದಾರಿಯಿರಲಿ, ಬೆಳಗ್ಗೆ ಕಚೇರಿ, ಕಾಲೇಜು ತೆರೆಯುವ ಹೊತ್ತಿಗೆ ಹೊಸಪೇಟೆ ಮುಟ್ಟಿಸಿ ಸಂಜೆ ಮನೆಗೆ ಕರೆತರುವ ಗಾಡಿಯಿರಲಿ.

ಹಣ ಎಲ್ಲಿಂದ? ತುಮಕೂರು–ದಾವಣಗೆರೆ, ತುಮಕೂರು–ರಾಯದುರ್ಗ, ಗದಗ–ವಾಡಿ ಮಾರ್ಗಗಳಿಗೆ ರಾಜ್ಯ ಸರ್ಕಾರ ಅರ್ಧ ವೆಚ್ಚ ಹೊರಲು ಒಪ್ಪಿ, ಭೂಮಿಯನ್ನೂ ಪುಕ್ಕಟೆ ಕೊಟ್ಟಿತು. ಈ ತಾಲ್ಲೂಕುಗಳಿರುವ ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371(ಜೆ) ವಿಧಿಯಿದೆ, ಆ ಭಾಗದ ಹೆಸರಿನಲ್ಲಿ ಮಂಡಳಿಯಿದೆ. 2002ರ ನಂಜುಂಡಪ್ಪ ವರದಿಯ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ಕೂಡ್ಲಿಗಿ, ಹರಪನಹಳ್ಳಿಗಳ ಹೆಸರಿತ್ತು. ಪಟ್ಟಿಯಲ್ಲಿ ಹೆಸರು ಬರೆಯಲು ಮಾತ್ರ ಈ ಊರುಗಳು ಬೇಕು.

ಹರಪನಹಳ್ಳಿ ದಾವಣಗೆರೆ ಲೋಕಸಭಾ ಕ್ಷೇತ್ರಕ್ಕೆ ಸೇರಿದೆ. ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ ಬಳ್ಳಾರಿಗೆ. ಹೀಗಾಗಿ ಒಬ್ಬ ಸಂಸದರನ್ನು ಕೇಳಿದರೆ ಇನ್ನೊಬ್ಬರತ್ತ ಕೈ ತೋರಿಸುವ ಸೌಕರ್ಯವಿದೆ. ಈ ಸಲ ಅದಕ್ಕೆ ಅವಕಾಶ ಕೊಡಬಾರದು. ಐದೂ ತಾಲ್ಲೂಕಿನ ಗ್ರಾಮ ಪಂಚಾಯಿತಿಗಳು, ಎಪಿಎಂಸಿ ವರ್ತಕರು, ರೈತ ಸಂಘಟನೆಗಳು, ಕಾಲೇಜು ವಿದ್ಯಾರ್ಥಿಗಳು ಒಂದೇ ಮಾರ್ಗ ಬರೆದ ಒಂದೇ ಮನವಿಗೆ ಸಹಿ ಹಾಕಿ, ಬಜೆಟ್ಟಿಗೆ ಮೊದಲೇ ಇಬ್ಬರು ಸಂಸದರಿಗೂ, ಹುಬ್ಬಳ್ಳಿಯ ನೈರುತ್ಯ ರೈಲ್ವೆ ಕಚೇರಿಗೂ, ಬೆಂಗಳೂರಿಗೂ ಮುಟ್ಟಿಸಲಿ. ಮತ್ತೊಂದು ಸರ್ವೆ ಮಾಡಿಸುತ್ತೇವೆ ಎಂಬ ಉತ್ತರ ತಂದವರನ್ನು, ಬಂದ ಬಸ್ಸಿನಲ್ಲೇ ವಾಪಸ್ ಕಳಿಸಲಿ.