ತಟ್ಟೆಯ ಕೋಶ, ಡಬ್ಬಿಯ ಪುಡಿ

ಬೀಟ್‌ರೂಟ್ ಪುಡಿ, ವಿಟಮಿನ್ ಇ ಮಾತ್ರೆ ‘ರಕ್ತನಾಳ ತೊಳೆಯುತ್ತವೆ’ ಎಂದು ಕಳೆದ ಸಂಚಿಕೆಯ ಲೇಖನ ಸಾರಿದೆ. ಸಾಕ್ಷಿಗೆ ಚೆನ್ನೈ ಸಂಶೋಧನೆಯನ್ನೂ ಎಳೆದು ತಂದಿದೆ. ಅಲ್ಲಿನ ಕ್ರೋಂಪೇಟೆಯ ಎಂಐಟಿ (ಮದ್ರಾಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ) ಆವರಣದ ಎಯು-ಕೆಬಿಸಿ ಸಂಶೋಧನಾ ಕೇಂದ್ರದಲ್ಲಿ ಸುವ್ರೊ ಚಟರ್ಜಿ ಅವರ ತಂಡ ನೈಟ್ರಿಕ್ ಆಕ್ಸೈಡ್ ಕುರಿತು ಕೆಲಸ ಮಾಡಿದ್ದು ನಿಜ. ಆದರೆ ತಟ್ಟೆಯಲ್ಲಿ ಬೆಳೆಸಿದ ಕೋಶಗಳಿಂದ ಮೈಲಾಪುರದ ಔಷಧಿ ಅಂಗಡಿಗೆ ನೆಗೆಯುವುದು ಹನುಮಂತನಿಗೇ ಸರಿ.

ನೈಟ್ರಿಕ್ ಆಕ್ಸೈಡ್ ಕೆಲವೇ ಸೆಕೆಂಡು ಬಾಳುವ ಅನಿಲ. ನಾಳದ ಒಳಪದರ ಅದನ್ನು ತಯಾರಿಸುತ್ತದೆ. ಅದರಿಂದ ಸ್ನಾಯು ಸಡಿಲಗೊಂಡು ನಾಳ ಹಿಗ್ಗುತ್ತದೆ. ಸಕ್ಕರೆ ಕಾಯಿಲೆ, ಧೂಮಪಾನದಿಂದ ಸೂಪರ್‌ಆಕ್ಸೈಡ್ ಹೆಚ್ಚಿದರೆ ಅದು ಈ ಅನಿಲವನ್ನು ಕ್ಷಣಾರ್ಧದಲ್ಲಿ ಹಿಡಿದು ಪೆರಾಕ್ಸಿನೈಟ್ರೈಟ್ ಆಗಿಸುತ್ತದೆ. ನುಂಗಿದ ವಿಟಮಿನ್ ಆ ವೇಗಕ್ಕೆ ಅಡ್ಡ ಬರಲಾರದು. 2000ರಲ್ಲಿ ಪ್ರಕಟವಾದ ‘ಹೋಪ್’ ಎಂಬ ವೈದ್ಯಕೀಯ ಪ್ರಯೋಗದಲ್ಲಿ 9,500ಕ್ಕೂ ಹೆಚ್ಚು ಮಂದಿಯಿದ್ದರು. ವಿಟಮಿನ್ ಇ ಹೃದಯಾಘಾತ ತಗ್ಗಿಸಲಿಲ್ಲ. ಲೇಖಕರು ಇದನ್ನು ಜಾಣತನದಿಂದ ಬಿಟ್ಟಿದ್ದಾರೆ.

ಬೀಟ್‌ರೂಟ್‌ನ ನೈಟ್ರೇಟ್ ರಕ್ತದೊತ್ತಡವನ್ನು ತುಸು ಇಳಿಸಬಲ್ಲದು, ಒಪ್ಪೋಣ. ಅದಕ್ಕೆ ನಾಲಿಗೆಯ ಮೇಲಿನ ಬ್ಯಾಕ್ಟೀರಿಯಾ ನೆರವಾಗಬೇಕು. (ಆ ಲೇಖನದ ಪುಟದಲ್ಲೇ ಅವನ್ನು ಕೊಲ್ಲುವ ಮೌತ್‌ವಾಶ್ ಜಾಹೀರಾತು!) ದಂಟಿನ ಸೊಪ್ಪಿನಲ್ಲೂ ನೈಟ್ರೇಟ್ ಧಾರಾಳ, ಅದಕ್ಕೆ ಡಬ್ಬಿಯ ಬೆಲೆಯಿಲ್ಲ. ‘ಪುಡಿ ಶುರುಮಾಡಿದ ಮೇಲೆ ಬಿಪಿ ಮಾತ್ರೆ ನಿಲ್ಲಿಸಬಹುದು’ ಎಂಬ ಸಾಲನ್ನಂತೂ ಸಂಪಾದಕರು ಮುಂದಿನ ಸಂಚಿಕೆಯಲ್ಲೇ ಹಿಂಪಡೆಯಬೇಕು.